ತಲೆಗೆ ಎಂಬತ್ತು

ಟಿಕೆಟ್ ಪುಸ್ತಕ ನನ್ನದು. ಡೀಸೆಲ್ಲು, ಇಂಜಿನ್ನು
ಚೌರಪ್ಪನದು. ಗಾಳ, ದಾರ, ಹಿಂಡಿ ಕಲಸಿದ ರಾಗಿ ಉಂಡೆ
ಮಾವ ಇನ್ನಾಸಪ್ಪನ ಇಲಾಖೆ.
ಅತ್ತೆ ಲೂರ್ದಮ್ಮ ಲೈಫ್ ಜಾಕೆಟ್ಟುಗಳ ಒಡತಿ:
ಹದಿಮೂರು ಇವೆ, ದಿನಕ್ಕೆರಡು ಸಲ ಎಣಿಸುತ್ತಾಳೆ,
ಕೋಳಿಗಳನ್ನು ಗೂಡಿಗೆ ಸೇರಿಸುವವಳ ಹಾಗೆ.

ಗೊರೂರಿನ ಹಿನ್ನೀರಿನಲ್ಲಿ ಒಂದು ಸುತ್ತಿಗೆ ತಲೆಗೆ ಎಂಬತ್ತು.
ಮೀನು ಹಿಡಿಯುವುದಾದರೆ ಅರ್ಧ ದಿನಕ್ಕೆ ಒಂಬೈನೂರು.
ಸಿಗದಿದ್ದರೆ ನಮ್ಮ ಜವಾಬ್ದಾರಿ ಅಲ್ಲ
ಎಂದು ಹಲಗೆಯ ಮೇಲೆ ಬರೆದವಳೂ ನಾನೇ.
ಜಾಗ ಸಾಲದೆ 'ಅಲ್ಲ' ಕೆಳಸಾಲಿಗೆ ಜಾರಿ
ಅರಸೀಕೆರೆಯ ಬ್ಯಾಂಕ್ ಮ್ಯಾನೇಜರೊಬ್ಬರು
ಬುಟ್ಟಿ ಖಾಲಿಯಾದ ಮಧ್ಯಾಹ್ನ ಜಗಳಕ್ಕೇ ನಿಂತರು.
ಮಾವ ಎರಡು ಜಿಲೇಬಿ ಮೀನು ಕೊಟ್ಟು ಕಳಿಸಿದ.

ತೆಪ್ಪ ಎರಡೂ ಇಲ್ಲಿಯವೇ. ಮೂರನೆಯದು ದೋಣಿ,
ಮಲ್ಪೆಯಿಂದ ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿ ಬಂದದ್ದು,
ಮೂರು ಕೈ ದಾಟಿದ ಮಾಲು. ಸಕಲೇಶಪುರದ ಹತ್ತಿರ ಪೊಲೀಸರು ತಡೆದು
ಬೆಟ್ಟಕ್ಕೆ ದೋಣಿ ಯಾಕಯ್ಯಾ ಅಂದರಂತೆ.
ಚೌರಪ್ಪ ಬಿಲ್ಲು ತೋರಿಸಿದ.
ಬಿಲ್ಲಿನಲ್ಲಿ ಯಾಕೆ ಅಂತ ಇರಲಿಲ್ಲ.

ಇಳಿಸಿದ ಸಂಜೆ ಅತ್ತೆ ಅದರ ಹೊಟ್ಟೆಗೆ ಬೆರಳು ಒರೆಸಿ
ನಾಲಿಗೆಗಿಟ್ಟಳು. "ಉಪ್ಪೈತೆ" ಅಂದಳು.
ತಳಕ್ಕೆ ಕಚ್ಚಿದ್ದ ಚಿಪ್ಪುಗಳನ್ನು ಕುಡುಗೋಲಿನ ಬೆನ್ನಿಂದ
ಎರಡು ದಿನ ಕೆರೆದೆವು. ಹೆಸರು ಕೆರೆಯಲಿಲ್ಲ.
ಬಣ್ಣ ಹೋಗಿ 'ಜಲ' ಉಳಿದಿತ್ತು,
ಮುಂದಿನದು ರಾಣಿಯೋ, ಲಕ್ಷ್ಮಿಯೋ.
ಜಲವಿದ್ದರೆ ಸಾಕು ಎಂದು ಬಿಟ್ಟೆವು.

ಡಿಸೆಂಬರಿನ ಒಂದು ಬುಧವಾರ
ಬೇಲೂರು ಮುಗಿಸಿದ ಉಡುಪಿಯ ಬಸ್ಸು ಬಂತು.
ಎಲ್ಲರಿಗೂ ನೀರಿನಲ್ಲಿ ನಿಂತ ಇಗರ್ಜಿಯ ಫೋಟೊ ಬೇಕು.
ಒಬ್ಬ ಮುದುಕರು ಮಾತ್ರ ದೋಣಿಯ ಸುತ್ತ
ಸಂತೆಯಲ್ಲಿ ಎತ್ತು ನೋಡುವವರಂತೆ ತಿರುಗಿ,
ಮಂಡಿಯೂರಿ, ಎಡ ಪಕ್ಕೆಯ ತೇಪೆಯೊಂದನ್ನು ತಟ್ಟಿದರು.
ಹೆಸರು? ಸಂಜೀವ ತಿಂಗಳಾಯ.
ವಯಸ್ಸು? ಎಪ್ಪತ್ತೊಂದು.
ಈಜು ಬರುತ್ತಾ? ಎಲ್ಲರಿಗೂ ಕೇಳುವ ಪ್ರಶ್ನೆ.
ಅವರು ನಕ್ಕ ರೀತಿಗೆ ನನ್ನ ಪೆನ್ನು ನಿಂತಿತು.
ಜಾಕೆಟ್ ಬೇಡ ಅಂದರು. ಅತ್ತೆ ಬಿಡಲಿಲ್ಲ.
ಕೊನೆಗೆ ಶಾಲೆಗೆ ಹೊರಟ ಹುಡುಗನಂತೆ
ಕೈ ಎತ್ತಿ ನಿಂತು ಪಟ್ಟಿ ಕಟ್ಟಿಸಿಕೊಂಡರು.

ನಡುನೀರಿನಲ್ಲಿ, "ಇಂಜಿನ್ ಸ್ವಲ್ಪ ಆರಿಸಿ ಮಾರಾಯ್ರೆ."
ಬಗ್ಗಿ ಹಲಗೆಗೆ ಕಿವಿ ಕೊಟ್ಟರಂತೆ.
ಸೆಲ್ಫಿಯವರೂ ಒಂದು ಗಳಿಗೆ ಸುಮ್ಮನಾದರಂತೆ.
ಇದು ಚೌರಪ್ಪ ರಾತ್ರಿ ಹೇಳಿದ್ದು; ಅವನು
ಜಾಸ್ತಿ ಸೇರಿಸಿ ಹೇಳುವವನಲ್ಲ, ಡೀಸೆಲ್ ಲೆಕ್ಕ ಬಿಟ್ಟು.

ದಡಕ್ಕಿಳಿದು ನನ್ನನ್ನು ಕೇಳಿದರು:
"ಅಲೆ ಇಲ್ಲದ ಕಡೆ ಇದಕ್ಕೆ ನಿದ್ದೆ ಬರ್ತದಾ?"
ನಾನು ಎಲ್ಲದಕ್ಕೂ ಉತ್ತರ ಇಟ್ಟುಕೊಂಡವಳು,
ಮೊಸಳೆ ಇಲ್ಲ, ಆಳ ಇದೆ, ಶೌಚಾಲಯ ಆ ಕಡೆ.
ಇದಕ್ಕೆ ಇರಲಿಲ್ಲ.

ಮಾವ ದಾರದ ಗಂಟು ಬಿಡಿಸುತ್ತಾ, ತಲೆ ಎತ್ತದೆ,
"ಮುಂಗಾರಲ್ಲಿ ಹಗ್ಗ ಜಗ್ತೈತೆ ಸಾಮಿ.
ಪಡುವಲ ಗಾಳಿ ಬಂದ್ರೆ ಸಾಕು, ರಾತ್ರಿಯೆಲ್ಲ
ಆ ಕಡೀಕೇ ಮಕ ಮಾಡ್ಕಂಡು ನಿಂತಿರ್ತೈತೆ."

ತಿಂಗಳಾಯರು ಎಷ್ಟೋ ಹೊತ್ತು ಆ ಗಂಟನ್ನೇ ನೋಡಿದರು.
ಆಮೇಲೆ ಪಕ್ಕ ಕೂತು ತಾವೇ ಬಿಡಿಸಿಕೊಟ್ಟರು.
ಎರಡೇ ಎಳೆತ. ಮಾವನಿಗೆ ಸಿಟ್ಟು ಬಂತು, ತೋರಿಸಲಿಲ್ಲ.

ದೋಣಿಯ ಪೂರ್ತಿ ಹೆಸರು ಕೇಳಬೇಕೆಂದಿದ್ದೆ.
ಬಸ್ಸು ಹಾರನ್ ಹೊಡೆಯಿತು, ಯಾರೋ ಚಿಲ್ಲರೆ ಕೇಳಿದರು.

ಸಂಜೆ ಅತ್ತೆ ಎಣಿಸಿದಳು. ಹನ್ನೆರಡು.
ಮತ್ತೆ ಎಣಿಸಿದಳು. ಹನ್ನೆರಡೇ.
ಕಳ್ಳ ಮುದುಕ ಎಂದು ಬೈಯುತ್ತಾ ಹುಡುಕಿದರೆ
ದೋಣಿಯ ಮೂತಿಯ ಗೂಟಕ್ಕೆ ತೊಡಿಸಿ
ಮೂರೂ ಪಟ್ಟಿ ಬಿಗಿದು ಹೋಗಿದ್ದರು.

ಬಿಚ್ಚಲು ಅತ್ತೆ ಯಾರಿಗೂ ಬಿಡಲಿಲ್ಲ.
ಗುರುವಾರ ಹನ್ನೆರಡು ಜನರನ್ನಷ್ಟೇ ಹತ್ತಿಸಿದೆವು.